ನೂರು ಲೆವೆಲ್‌ಗಳಿಗೆ ಮೊದಲು ಒಂದು: ‘ಹಾಫ್-ಲೈಫ್’ ತಂಡ ಕಟ್ಟಿಹೋದದ್ದು, ಬಿಡಿಸಿಕೊಂಡದ್ದು

ವಿಡಿಯೊ ಗೇಮ್‌ಗಳ ಲೆವೆಲ್ (ಆಟಗಾರ ಒಂದೊಂದಾಗಿ ದಾಟಿ ಹೋಗುವ ಘಟ್ಟ) ಕಟ್ಟುವವರಿಗೆ ತಲೆಯೇ ಓಡದೆ ನಿಲ್ಲುವ ಸ್ಥಿತಿ ಹೊಸದಲ್ಲ. ಲೆವೆಲ್ ಕಟ್ಟುವ ತಂತ್ರಾಂಶವಾದ ಎಡಿಟರ್ ತೆರೆದಿರುತ್ತದೆ, ಕೋಣೆ ಇದೆ, ಕಾರಿಡಾರ್ ಇದೆ, ಶತ್ರುಗಳೂ ಇದ್ದಾರೆ. ಮುಂದೆ ಏನು ಇಡಬೇಕೆಂಬುದು ಮಾತ್ರ ಹೊಳೆಯುವುದಿಲ್ಲ. ಇಂಥ ಹೊತ್ತಿನಲ್ಲಿ ಸಿಗುವ ಸಲಹೆಗಳು ಎಲ್ಲರಿಗೂ ಬಾಯಿಪಾಠ: ಬೇರೆ ಆಟ ಆಡಿ, ಸಿನಿಮಾ ನೋಡಿ, ಸ್ವಲ್ಪ ಅಡ್ಡಾಡಿ ಬನ್ನಿ, ಸ್ಫೂರ್ತಿ ತಾನಾಗಿ ಬರುತ್ತದೆ. ಹೀಗೆ ಹೇಳುವವರು ಹೊಳಹುಗಳ ಕೊರತೆಯೇ ರೋಗ ಎಂದು ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ನನಗೆ ಆ ತೀರ್ಮಾನದ ಮೇಲೆಯೇ ಅನುಮಾನ. ಬಹಳಷ್ಟು ಸಲ ಹೊಳಹುಗಳು ಬೇಕಾದಷ್ಟಿರುತ್ತವೆ. ಅವುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಸಾಡಬೇಕು ಎಂದು ಹೇಳಬಲ್ಲ ಅಳತೆಗೋಲು ಕೈಯಲ್ಲಿರುವುದಿಲ್ಲ. ಕೈ ನಿಲ್ಲುವುದು ಅಲ್ಲಿ. ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಸಾಕ್ಷಿ 1997ರ ಒಂದು ಪ್ರಕರಣ.

ನಿಂತುಹೋದ ಆಟ

ವಾಲ್ವ್ ಕಂಪನಿಯನ್ನು 1996ರಲ್ಲಿ ಗೇಬ್ ನ್ಯೂವೆಲ್ ಮತ್ತು ಮೈಕ್ ಹ್ಯಾರಿಂಗ್ಟನ್ ಸ್ಥಾಪಿಸಿದರು. ಇಬ್ಬರೂ ಮೈಕ್ರೋಸಾಫ್ಟ್‌ನಲ್ಲಿ ದುಡಿದು ಹೊರಬಂದವರು. ಅವರ ಮೊದಲ ಆಟ ‘ಹಾಫ್-ಲೈಫ್’: ಬ್ಲ್ಯಾಕ್ ಮೆಸಾ ಎಂಬ ಭೂಗತ ಸಂಶೋಧನಾ ಕೇಂದ್ರದಲ್ಲಿ ಪ್ರಯೋಗವೊಂದು ಕೈಮೀರಿ, ಬೇರೆ ಲೋಕದ ಜೀವಿಗಳು ಒಳನುಗ್ಗುತ್ತವೆ, ಗಾರ್ಡನ್ ಫ್ರೀಮನ್ ಎಂಬ ವಿಜ್ಞಾನಿ ಅಲ್ಲಿಂದ ಪಾರಾಗಬೇಕು. ಐಡಿ ಸಾಫ್ಟ್‌ವೇರ್ ಕಂಪನಿಯ ‘ಕ್ವೇಕ್’ ಆಟದ ಎಂಜಿನ್ನಿಗೆ (ಆಟವನ್ನು ಓಡಿಸುವ ಮೂಲ ತಂತ್ರಾಂಶ) ಪರವಾನಗಿ ಪಡೆದು ಅದರ ಮೇಲೆ ಕಟ್ಟತೊಡಗಿದ್ದರು. ಪ್ರಕಾಶಕ ಸಂಸ್ಥೆ ಸಿಯೆರಾ. ಬಿಡುಗಡೆಗೆ ಗೊತ್ತುಮಾಡಿದ್ದ ತಿಂಗಳು 1997ರ ನವೆಂಬರ್.

ಆಗ ಒಳಗೆ ನಡೆದದ್ದೆಲ್ಲ ನಮಗೆ ತಿಳಿದಿರುವುದು ತಂಡದ ಎಂಜಿನಿಯರ್ ಕೆನ್ ಬರ್ಡ್‌ವೆಲ್ 1999ರ ಕೊನೆಯಲ್ಲಿ ಬರೆದ ಸುದೀರ್ಘ ಲೇಖನದಿಂದ. ಗೆದ್ದವರು ಗೆದ್ದ ಮೇಲೆ ಬರೆದದ್ದು ಎಂಬುದನ್ನು ನೆನಪಿನಲ್ಲಿಟ್ಟುಕೊಂಡೇ ಓದಬೇಕು. ಆದರೂ ಸೋತ ಘಟ್ಟವನ್ನು ಅವರು ಮುಚ್ಚಿಟ್ಟಿಲ್ಲ.

1997ರ ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಕೆಲಸವೇನೋ ರಾಶಿ ಬಿದ್ದಿತ್ತು. ಒಳ್ಳೆಯ ರಾಕ್ಷಸ ಜೀವಿಗಳಿದ್ದವು, ಆದರೆ ವಿನ್ಯಾಸಕರು ಅಂದುಕೊಂಡ ರೀತಿಯಲ್ಲೇ ಆಟಗಾರ ಕಾದಾಡದಿದ್ದರೆ ಅವು ಪೆದ್ದುಪೆದ್ದಾಗಿ ವರ್ತಿಸುತ್ತಿದ್ದವು. ಒಳ್ಳೆಯ ಲೆವೆಲ್‌ಗಳಿದ್ದವು, ಆದರೆ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಹಾಗೆ. ಒಳ್ಳೆಯ ತಂತ್ರಜ್ಞಾನವಿತ್ತು, ಅದು ಒಂದೆರಡು ಕಡೆ ಮಾತ್ರ ಕಣ್ಣಿಗೆ ಬೀಳುತ್ತಿತ್ತು. ಮೊದಲಿಂದ ಕೊನೆಯವರೆಗೆ ಆಟವನ್ನು ಆಡಿ ಮುಗಿಸಲು ಸಾಧ್ಯವಿರಲಿಲ್ಲ. ಎಲ್ಲಕ್ಕಿಂತ ದೊಡ್ಡ ತೊಂದರೆ, ಆಡಿದರೆ ಖುಷಿಯಾಗುತ್ತಿರಲಿಲ್ಲ.

ಇಲ್ಲಿ ಗಮನಿಸಬೇಕಾದದ್ದು, ಯಾರ ತಲೆಯೂ ಖಾಲಿಯಾಗಿರಲಿಲ್ಲ. ಕಲ್ಪನೆ ಬತ್ತಿಹೋದ ಒಬ್ಬ ಕಲಾವಿದನ ಚಿತ್ರ ಇದಲ್ಲ. ಹೊಳೆದದ್ದನ್ನೆಲ್ಲ ಪ್ರತಿಯೊಬ್ಬರೂ ತಮ್ಮತಮ್ಮ ಮೂಲೆಯಲ್ಲಿ ಕಟ್ಟುತ್ತಲೇ ಇದ್ದರು. ಹಾಗಿದ್ದರೂ ಒಂದು ಹೆಜ್ಜೆ ಮುಂದೆ ಹೋಗುತ್ತಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಇನ್ನೊಂದೆರಡು ತಿಂಗಳು ತಿಣುಕಿ, ಎದ್ದು ಕಾಣುವ ತೂತುಗಳಿಗೆ ತೇಪೆ ಹಾಕಿ ಮಾರುಕಟ್ಟೆಗೆ ಬಿಡಬಹುದಿತ್ತು. ಪ್ರಕಾಶಕರ ಹಣವನ್ನೇ ನಂಬಿ ಬದುಕುವ ಕಂಪನಿಗಳಿಗೆ ಬಹುಮಟ್ಟಿಗೆ ಇದೊಂದೇ ದಾರಿ. ವಾಲ್ವ್ ಅಷ್ಟು ಪರಾಧೀನವಾಗಿರಲಿಲ್ಲವಾದ್ದರಿಂದ ಆಟವನ್ನು ಬುಡದಿಂದ ಮತ್ತೆ ಕಟ್ಟುವ ನಿರ್ಧಾರ ಮಾಡಿತು. ಈ ಅನುಕೂಲ ಎಲ್ಲರಿಗೂ ಇರುವುದಿಲ್ಲ. ವಾಲ್ವ್‌ನ ಧೈರ್ಯವನ್ನು ಕೊಂಡಾಡುವವರು ಆ ಧೈರ್ಯದ ಹಿಂದೆ ಇದ್ದ ಹಣದ ವಿಷಯ ಎತ್ತುವುದು ಕಡಿಮೆ.

ಒಂದು ತಿಂಗಳು, ಒಂದೇ ಲೆವೆಲ್

ಎಲ್ಲವನ್ನೂ ಕಿತ್ತೆಸೆದು ಹೊಸದಾಗಿ ಶುರುಮಾಡಿದರು ಎಂದೇ ಈ ಕಥೆಯನ್ನು ಸಾಮಾನ್ಯವಾಗಿ ಹೇಳುತ್ತಾರೆ. ಕೇಳಲು ಚೆನ್ನಾಗಿರುತ್ತದೆ. ನಡೆದದ್ದು ಬೇರೆ, ನನ್ನ ಮಟ್ಟಿಗೆ ಅದೇ ಹೆಚ್ಚು ಉಪಯೋಗದ್ದು.

ಒಂದು ಸಣ್ಣ ಗುಂಪನ್ನು ಆರಿಸಿ, ಅದುವರೆಗೆ ಆಟದ ಯಾವುದೋ ಮೂಲೆಯಲ್ಲಿ ಹೇಗೋ ಕೆಲಸ ಮಾಡುತ್ತಿದ್ದ ಪ್ರತಿಯೊಂದು ತಮಾಷೆಯ ಹೊಳಹನ್ನೂ ಕೈಚಳಕವನ್ನೂ ಹೆಕ್ಕಿ ತಂದು ಒಂದೇ ಲೆವೆಲ್‌ನಲ್ಲಿ ತುಂಬಲು ಹೇಳಿದರು. ಆಡಿ ನೋಡಿದಾಗ ಯಾವುದು ಖುಷಿ ಕೊಟ್ಟಿತೋ ಅದರ ಇನ್ನಷ್ಟು ರೂಪಗಳನ್ನು ಸೇರಿಸಿದರು. ಖುಷಿ ಕೊಡದ್ದನ್ನು ಕತ್ತರಿಸಿದರು. ಯಾವುದಕ್ಕಾದರೂ ಹೊಸ ಪ್ರೋಗ್ರಾಮಿಂಗ್ ಬೇಕಾದರೆ, ಕೆಲವೇ ದಿನಗಳಲ್ಲಿ ಬರೆದು ಮುಗಿಸುವಷ್ಟು ಸರಳವಾಗುವ ತನಕ ಅದನ್ನು ತಗ್ಗಿಸಿದರು. ಹೀಗೆ ಒಂದು ತಿಂಗಳು. ಉಳಿದವರೆಲ್ಲ ಆ ತಿಂಗಳು ಹೆಚ್ಚುಕಡಿಮೆ ಸುಮ್ಮನೆ ಕುಳಿತಿದ್ದರು ಎಂದು ಬರ್ಡ್‌ವೆಲ್ ಯಾವ ಸಂಕೋಚವೂ ಇಲ್ಲದೆ ಬರೆಯುತ್ತಾರೆ. ಬಿಡುಗಡೆಯ ದಿನ ತಲೆಯ ಮೇಲೆ ಬಂದು ನಿಂತಿರುವಾಗ ಕಂಪನಿಯ ಬಹುಪಾಲು ಜನರನ್ನು ಸುಮ್ಮನೆ ಕೂರಿಸುವ ನಿರ್ಧಾರ ಲೆಕ್ಕಪತ್ರ ನೋಡುವವರಿಗೆ ಹುಚ್ಚಾಟವಾಗಿ ಕಂಡೀತು. ಆದರೆ ಅವರು ಆ ತಿಂಗಳು ಕೆಲಸ ಮಾಡಿದ್ದರೆ ಏನಾಗುತ್ತಿತ್ತು? ಹೊಂದಿಕೆಯಾಗದ ಲೆವೆಲ್‌ಗಳು ಇನ್ನಷ್ಟು ಹೆಚ್ಚುತ್ತಿದ್ದವು, ಅಷ್ಟೆ.

ತಿಂಗಳಾದ ಮೇಲೆ ಎಲ್ಲರೂ ಕೂತು ಆ ಲೆವೆಲ್ ಆಡಿದರು. ತಾವು ಮಾಡಬೇಕಾದ ಆಟ ಇದೇ ಎಂಬುದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಇನ್ನು ಇಷ್ಟೇ ಚೆನ್ನಾಗಿರುವ ಇನ್ನೊಂದು ನೂರು ಲೆವೆಲ್ ಕಟ್ಟಿದರಾಯಿತು ಎಂದು ಬರ್ಡ್‌ವೆಲ್ ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಾರೆ.

ಈ ಒಂದು ಲೆವೆಲ್ ಮಾಡಿದ ಕೆಲಸ ಯಾವುದು? ಅದು ಹೊಸ ಹೊಳಹು ಕೊಡಲಿಲ್ಲ. ಅದರಲ್ಲಿ ಇದ್ದದ್ದೆಲ್ಲ ಹಳೆಯವೇ. ಅದು ಕೊಟ್ಟದ್ದು ಹೋಲಿಸಿ ನೋಡಲು ಒಂದು ವಸ್ತು. ಅಲ್ಲಿಂದಾಚೆಗೆ ಯಾರಾದರೂ ಒಂದು ಹೊಳಹು ತಂದರೆ, ಆ ಲೆವೆಲ್ ಪಕ್ಕದಲ್ಲಿ ಇಟ್ಟರೆ ಇದು ನಿಲ್ಲುತ್ತದೆಯೇ ಎಂದು ಕೇಳಬಹುದಾಗಿತ್ತು. ಅದಕ್ಕೆ ಮೊದಲು ಪ್ರತಿಯೊಬ್ಬರೂ ತಮ್ಮ ತಲೆಯಲ್ಲಿದ್ದ, ಇನ್ನೂ ಯಾರೂ ಆಡಿರದ ಆಟದೊಂದಿಗೆ ಹೋಲಿಸುತ್ತಿದ್ದರು. ಅಂಥ ಹೋಲಿಕೆಯಲ್ಲಿ ಯಾವ ಲೆವೆಲ್ಲೂ ಗೆಲ್ಲುವುದಿಲ್ಲ. ಕಟ್ಟುವವನ ಕೈ ತಾನಾಗಿಯೇ ನಿಲ್ಲುತ್ತದೆ.

ಖುಷಿಯ ಕಾರಣ ಹುಡುಕಿದ್ದು

ಅನೇಕ ತಂಡಗಳು ಇಷ್ಟಕ್ಕೆ ನಿಲ್ಲುತ್ತವೆ. ಒಳ್ಳೆಯ ಮಾದರಿ ಸಿಕ್ಕಿತೆಂದು ಹಿಗ್ಗಿ, ಎರಡನೆಯ ಲೆವೆಲ್ ಕಟ್ಟುವಾಗ ಮತ್ತೆ ಕಂಗೆಡುತ್ತವೆ. ವಾಲ್ವ್ ತಂಡ ಆ ಮಾದರಿ ಏಕೆ ಖುಷಿ ಕೊಟ್ಟಿತೆಂದು ಕೂತು ಬಿಡಿಸಿ ನೋಡಿತು. ಮೂರು ಕಾರಣಗಳು ಹೊರಬಂದವು.

ಮೊದಲನೆಯದು ಅನುಭವದ ಸಾಂದ್ರತೆ. ಒಂದಿಷ್ಟು ಹೊತ್ತಿನಲ್ಲಿ, ಒಂದಿಷ್ಟು ಜಾಗದಲ್ಲಿ ಆಟಗಾರನಿಗೆ ಎಷ್ಟು ಸಂಗತಿಗಳು ಎದುರಾಗುತ್ತವೆ ಎಂಬುದು. ಆ ಸಂಗತಿಗಳು ಗಡಿಯಾರ ನೋಡಿಕೊಂಡು ನಡೆಯುವಂಥವಲ್ಲ; ಆಟಗಾರ ಎಷ್ಟು ದೂರ ನಡೆದ ಎಂಬುದರ ಮೇಲೆ ನಡೆಯುವಂಥವು. ಇನ್ನಷ್ಟು ಗದ್ದಲ ಬೇಕಿದ್ದರೆ ಮುಂದೆ ಹೆಜ್ಜೆ ಹಾಕಿದರೆ ಸಾಕು. ಉಸಿರು ತೆಗೆದುಕೊಳ್ಳಬೇಕೆನಿಸಿದರೆ ನಿಲ್ಲಬಹುದು, ಆಟವೂ ಕಾಯುತ್ತದೆ. (ಆಟ ಶುರುವಾಗುವುದೇ ಈ ನಿಯಮ ಮುರಿದು ಎಂಬುದು ಸ್ವಾರಸ್ಯ. ಗಾರ್ಡನ್ ಟ್ರಾಮ್‌ನಲ್ಲಿ ಕುಳಿತು ಬ್ಲ್ಯಾಕ್ ಮೆಸಾದ ಒಳಗೆ ಸಾಗುವ ಆ ಕೆಲವು ನಿಮಿಷ ವೇಗ ಅವನ ಕೈಯಲ್ಲಿಲ್ಲ. ಆ ಆರಂಭವನ್ನು ಜನ ಇಂದಿಗೂ ಮರೆತಿಲ್ಲ.)

ಎರಡನೆಯದು ಜಗತ್ತು ಆಟಗಾರನನ್ನು ಗುರುತಿಸಬೇಕು ಎಂಬುದು. ಗೋಡೆಗೆ ಗುಂಡು ಹಾರಿಸಿದರೆ ಗುರುತು ಉಳಿಯಬೇಕು. ಗೋಡೆಯಲ್ಲಿ ನಿಜವಾದ ತೂತು ಮಾಡುವುದು ಅವರ ಎಂಜಿನ್ನಿಗೆ ಆಗುವ ಮಾತಾಗಿರಲಿಲ್ಲ, ಆಟದ ಓಟಕ್ಕೂ ಅದು ಅಡ್ಡಿ. ಹಾಗಾಗಿ ಗುಂಡು ತಾಗಿದ ಕಲೆಯನ್ನು ಗೋಡೆಯ ಮೇಲೆ ಅಂಟಿಸುವ ತಂತ್ರ ಬಳಸಿದರು. ತಳ್ಳಬಹುದು ಎಂದು ಕಾಣುವ ಪೆಟ್ಟಿಗೆ ತಳ್ಳಿದರೆ ಸರಿಯಬೇಕು, ಒಡೆಯಬಹುದು ಎಂದು ಕಾಣುವುದು ಸಲಾಕೆಯ ಏಟಿಗೆ ಒಡೆಯಬೇಕು, ಕೋಣೆಗೆ ಕಾಲಿಟ್ಟಾಗ ಅಲ್ಲಿರುವವರು ಕನಿಷ್ಠ ತಿರುಗಿಯಾದರೂ ನೋಡಬೇಕು. ಮೂರನೆಯದು, ಸೋತರೆ ಆಟಗಾರ ತನ್ನನ್ನೇ ದೂರಿಕೊಳ್ಳುವಂತಿರಬೇಕು. ಮುನ್ಸೂಚನೆ ಕೊಡದೆ ಕೊಂದರೆ ಅವನು ಆಟವನ್ನು ಬೈಯುತ್ತಾನೆ. ಅಪಾಯದ ಸುಳಿವು ಕೊಟ್ಟು, ಪಾರಾಗುವ ದಾರಿ ತೋರಿಸಿ, ಆಮೇಲೂ ಅವನು ಸತ್ತರೆ ಮತ್ತೊಮ್ಮೆ ಪ್ರಯತ್ನಿಸುತ್ತಾನೆ.

ಇವನ್ನು ಒಳ್ಳೆಯ ಆಟದ ಸಾರ್ವಕಾಲಿಕ ಸೂತ್ರಗಳೆಂದು ಕಂಠಪಾಠ ಮಾಡುವವರನ್ನು ಕಂಡರೆ ನನಗೆ ಬೇಸರ. ಶಾಂತವಾಗಿ ಸುತ್ತಾಡಲೆಂದೇ ಮಾಡಿದ ಆಟಕ್ಕೆ ಮೊದಲ ಸೂತ್ರ ವಿಷವಾದೀತು. ಈ ಮೂರು ಹುಟ್ಟಿದ್ದು ಆ ಒಂದು ಲೆವೆಲ್‌ನಿಂದ, ಆ ತಂಡಕ್ಕಾಗಿ. ಬೆಲೆ ಇರುವುದು ಹುಟ್ಟಿದ ಕ್ರಮಕ್ಕೆ: ಮೊದಲು ಕೈಯಿಂದ ಕಟ್ಟಿ, ಆಡಿ, ಖುಷಿಪಟ್ಟು, ಅನಂತರ ಕಾರಣ ಬರೆದುಕೊಂಡರು. ಸೂತ್ರದಿಂದ ಶುರುಮಾಡಿ ಲೆವೆಲ್ ಕಡೆಗೆ ಬರಲಿಲ್ಲ.

ಸುಮ್ಮನಿರುವ ದಿನಗಳಿಗೂ ಜಾಗ

ಆಟದ ಕೆಲಸ ಶುರುವಾದ ಮೊದಲ ಹನ್ನೊಂದು ತಿಂಗಳೂ ಕಂಪನಿ ಒಬ್ಬ ‘ಗೇಮ್ ಡಿಸೈನರ್’ಗಾಗಿ ಹುಡುಕಾಡಿತ್ತು. ಬಂದು ಎಲ್ಲವನ್ನೂ ಒಂದು ದಾರಿಗೆ ತರುವ ಸರ್ವಜ್ಞ. ನೂರಾರು ಅರ್ಜಿ ನೋಡಿ, ಹಲವರನ್ನು ಸಂದರ್ಶಿಸಿ, ಅಂಥ ಮನುಷ್ಯ ಎಲ್ಲೂ ಇಲ್ಲ ಎಂಬ ತೀರ್ಮಾನಕ್ಕೆ ಬಂದರು. ಬದಲಿಗೆ ಇದ್ದವರನ್ನೇ ಕೂಡಿಸಿ ‘ಕಬಾಲ್’ ಎಂಬ ಗುಂಪು ಮಾಡಿದರು: ಮೂವರು ಎಂಜಿನಿಯರ್‌ಗಳು, ಒಬ್ಬ ಲೆವೆಲ್ ವಿನ್ಯಾಸಕ, ಒಬ್ಬ ಲೇಖಕ, ಒಬ್ಬ ಆನಿಮೇಟರ್. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಆರು ಗಂಟೆ, ಐದು ತಿಂಗಳು ಬಿಡದೆ ಸಭೆ. ಆರು ಗಂಟೆ ಮೀರಿದರೆ ಯಾರಲ್ಲೂ ತ್ರಾಣ ಉಳಿಯುತ್ತಿರಲಿಲ್ಲ. ಒಬ್ಬರು ಮಾತುಗಳನ್ನು ಬರೆದುಕೊಳ್ಳುವರು, ಇನ್ನೊಬ್ಬರು ಲೆವೆಲ್‌ನ ನಕ್ಷೆ ಗೀಚುವರು. ಮುಂದೆ ಬೇರೆ ಬೇರೆಯವರು ಸರದಿಯಂತೆ ಗುಂಪಿನೊಳಗೆ ಬಂದು ಹೋದರು. ಕೊನೆಗೆ ಇನ್ನೂರು ಪುಟ ಮೀರಿದ ಒಂದು ದಸ್ತಾವೇಜು ತಯಾರಾಯಿತು. ಆಟದೊಳಗಿನ ಒತ್ತುಗುಂಡಿಗಳು ನೆಲದಿಂದ ಎಷ್ಟು ಎತ್ತರದಲ್ಲಿರಬೇಕು ಎಂಬುದರಿಂದ ಹಿಡಿದು ಯಾವ ಲೆವೆಲ್‌ನಲ್ಲಿ ದಿನದ ಯಾವ ಹೊತ್ತು ಎಂಬುದರ ತನಕ ಅದರಲ್ಲಿತ್ತು.

ಬರ್ಡ್‌ವೆಲ್ ಅವರ ಲೇಖನದಲ್ಲಿ ನಾನು ಮತ್ತೆ ಮತ್ತೆ ತಿರುಗಿ ಓದುವ ಭಾಗ ಒಂದಿದೆ. ಗುಂಪಿನ ಅರ್ಧದಷ್ಟು ಜನ ಎರಡು ಮೂರು ಸಭೆಗಳ ಉದ್ದಕ್ಕೂ ಒಂದೂ ಹೊಳಹಿಲ್ಲದೆ ಕುಳಿತಿರುತ್ತಿದ್ದರಂತೆ. ಆಮೇಲೆ ಅವರಲ್ಲೊಬ್ಬರಿಗೆ ಬೇರೆ ಯಾರಿಗೂ ಕಾಣದ ದಾರಿ ತಟ್ಟನೆ ಕಂಡು, ಆ ವಾರವಿಡೀ ಅವರೇ ಮುಂದಾಳು. ಹೀಗೇಕೆ ಆಗುತ್ತದೆಂದು ಯಾರಿಗೂ ತಿಳಿಯಲಿಲ್ಲ. ತಿಳಿಯದಿದ್ದರೂ ಇದು ಹೀಗೇ ಎಂದು ಒಪ್ಪಿಕೊಂಡು, ಸಭೆ ಕುಂಟದಿರಲು ಐದಾರು ಜನರಾದರೂ ಇರಲೇಬೇಕು ಎಂಬ ಪದ್ಧತಿ ಮಾಡಿಕೊಂಡರು.

ಒಬ್ಬನೇ ಕುಳಿತು ಲೆವೆಲ್ ಕಟ್ಟುವವನು ಈ ಮಾತನ್ನು ಹಾಗೇ ದಾಟಿ ಹೋಗಬಾರದು. ಅವನು ಎರಡು ದಿನ ಏನೂ ಹೊಳೆಯದಿದ್ದರೆ ತನ್ನ ಪ್ರತಿಭೆಯ ಬಗ್ಗೆಯೇ ಅನುಮಾನಪಡುತ್ತಾನೆ. ಪಳಗಿದ ಆರು ಜನರ ಕೋಣೆಯಲ್ಲಿ ಯಾವ ಹೊತ್ತಿನಲ್ಲಾದರೂ ಮೂವರು ಅದೇ ಸ್ಥಿತಿಯಲ್ಲಿರುತ್ತಿದ್ದರು. ವ್ಯತ್ಯಾಸವೆಂದರೆ ಅಲ್ಲಿ ಅದು ಬಿಕ್ಕಟ್ಟು ಎನಿಸುತ್ತಿರಲಿಲ್ಲ, ಏಕೆಂದರೆ ಉಳಿದ ಮೂವರು ಗಾಡಿ ಎಳೆಯುತ್ತಿದ್ದರು. ಒಂಟಿ ವಿನ್ಯಾಸಕನ ಕಷ್ಟ ಹೊಳಹು ನಿಂತದ್ದಲ್ಲ, ನಿಂತಾಗ ಸರದಿ ವಹಿಸಿಕೊಳ್ಳಲು ಯಾರೂ ಇಲ್ಲದ್ದು. ಅರೆಬರೆ ಲೆವೆಲ್ ಅನ್ನೇ ಇನ್ನೊಬ್ಬ ವಿನ್ಯಾಸಕನ ಕೈಗೆ ಕೊಟ್ಟು, ‘ಇಲ್ಲಿಂದ ನೀನು ಎರಡು ಕೋಣೆ ಕಟ್ಟು’ ಎನ್ನುವುದು ಎಷ್ಟೋ ವೇಳೆ ಒಂದು ವಾರದ ಯೋಚನೆಗಿಂತ ಹೆಚ್ಚು ಕೆಲಸ ಮಾಡುತ್ತದೆ. ಆ ಎರಡು ಕೋಣೆ ಚೆನ್ನಾಗಿರಬೇಕೆಂದೇನೂ ಇಲ್ಲ. ಅವನ್ನು ಕಂಡು ‘ಹೀಗಲ್ಲ, ಹಾಗೆ’ ಎಂದು ಅನ್ನಿಸಿದರೂ ಸಾಕು, ಕೈ ಬಿಡುಗಡೆಯಾಗುತ್ತದೆ.

ಬ್ಲಾಸ್ಟ್ ಪಿಟ್

ಸೂತ್ರಗಳು ಲೆವೆಲ್‌ನಲ್ಲಿ ಹೇಗೆ ಮೈದಾಳಿದವು ಎಂದು ನೋಡಲು ‘ಬ್ಲಾಸ್ಟ್ ಪಿಟ್’ ಅಧ್ಯಾಯವೊಂದು ಸಾಕು. ರಾಕೆಟ್ ಎಂಜಿನ್ ಉರಿಸಿ ಪರೀಕ್ಷಿಸುವ ಆಳವಾದ ಗುಂಡಿ. ಅದರ ನಡುವಿನಿಂದ ಅನ್ಯಲೋಕದ ಜೀವಿಯ ಹಸಿರು ಬಣ್ಣದ ಮೂರು ಭಾರೀ ಕೈಗಳು ಮೇಲೆದ್ದು ನಿಂತಿವೆ. ತುದಿಯಲ್ಲಿ ಕೊಕ್ಕಿನಂಥ ಚೂಪು. ಅವಕ್ಕೆ ಕಣ್ಣಿಲ್ಲ, ಸದ್ದು ಕೇಳಿಸುತ್ತದೆ. ಬಂದೂಕಿಗೆ ಅವು ಸಾಯುವುದಿಲ್ಲ. ಗುಂಡಿಯ ಅಂಚಿನಲ್ಲೇ ಕಬ್ಬಿಣದ ಕಟ್ಟೆಗಳ ಮೇಲೆ ನಡೆದು, ಇಂಧನ, ಆಮ್ಲಜನಕ, ವಿದ್ಯುತ್ ಮೂರನ್ನೂ ಬೇರೆ ಬೇರೆ ಕಡೆ ಹೋಗಿ ಚಾಲೂ ಮಾಡಿ ಬಂದು, ಮೇಲಿನ ನಿಯಂತ್ರಣ ಕೋಣೆಯಿಂದ ಎಂಜಿನ್ ಉರಿಸಿ ಅವನ್ನು ಸುಡಬೇಕು.

ಆಟಗಾರ ಗುಂಡಿಗೆ ಇಳಿಯುವ ಮೊದಲೇ ನಿಯಂತ್ರಣ ಕೋಣೆಯ ಕಿಟಕಿಯ ಬಳಿ ನಿಂತ ವಿಜ್ಞಾನಿಯೊಬ್ಬನನ್ನು ಒಂದು ಕೈ ಗಾಜು ಒಡೆದು ಎಳೆದೊಯ್ಯುತ್ತದೆ. ಅಪಾಯದ ಸುಳಿವು ಸಿಕ್ಕಿತು. ಕಟ್ಟೆಯ ಮೇಲೆ ಓಡಿದರೆ ಬೂಟಿನ ಸದ್ದಿಗೆ ಕೈ ತಿರುಗಿ ಬಡಿಯುತ್ತದೆ, ಕುಗ್ಗಿ ಮೆಲ್ಲಗೆ ನಡೆದರೆ ಬಿಟ್ಟುಬಿಡುತ್ತದೆ. ಜಗತ್ತು ನಿಮ್ಮ ಪ್ರತಿ ಹೆಜ್ಜೆಯನ್ನೂ ಗುರುತಿಸುತ್ತಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಡ. ಗ್ರೆನೇಡ್ ಒಂದನ್ನು ದೂರದ ಮೂಲೆಗೆ ಎಸೆದರೆ ಮೂರೂ ಅತ್ತ ತಿರುಗಿ ಕಬ್ಬಿಣವನ್ನು ಕುಕ್ಕತೊಡಗುತ್ತವೆ. ಅಷ್ಟರಲ್ಲಿ ನೀವು ಜಾರಿಕೊಳ್ಳಬಹುದು. ಸತ್ತರೆ ಅದು ನೀವು ಅವಸರ ಮಾಡಿದ್ದಕ್ಕೆ. ಗ್ರೆನೇಡ್ ಹೊಸ ಆಯುಧವಲ್ಲ, ಇದುವರೆಗೆ ಕೊಲ್ಲಲು ಬಳಸುತ್ತಿದ್ದ ಅದೇ ಗ್ರೆನೇಡ್. ಇಲ್ಲಿ ಅದರ ಸದ್ದಷ್ಟೇ ಬೇಕು.

ವಿನ್ಯಾಸಕನ ಕಣ್ಣಿನಿಂದ ನೋಡಿದರೆ ಇಡೀ ಅಧ್ಯಾಯದಲ್ಲಿ ಇರುವುದು ಒಂದು ಶತ್ರು, ಒಂದು ಗುಂಡಿ, ಒಂದು ನಿಯಮ. ಆಟಗಾರ ಅದೇ ಗುಂಡಿಯನ್ನು ಪದೇಪದೇ ಹಾದುಹೋಗುತ್ತಾನೆ, ಪ್ರತಿ ಸಲವೂ ಬೇರೆ ಮಟ್ಟದಲ್ಲಿ. ಹೊಳಹಿಲ್ಲದೆ ಕುಳಿತವನು ಹತ್ತು ಹೊಸ ಸಂಗತಿಗಳನ್ನು ಹುಡುಕುತ್ತಿರುತ್ತಾನೆ. ಇಲ್ಲಿ ಒಂದೇ ಸಂಗತಿಯಿಂದ ಕೊನೆಯ ಹನಿಯವರೆಗೂ ಕೆಲಸ ತೆಗೆದಿದ್ದಾರೆ.

ಮಾತಾಡದೆ ಕುಳಿತವರು

ಕಬಾಲ್ ಶುರುವಾಗಿ ತಿಂಗಳೊಳಗೆ ಹೊರಗಿನವರನ್ನು ಕರೆದು ಆಡಿಸತೊಡಗಿದರು. ಒಬ್ಬ ಆಟಗಾರ, ಎರಡು ಗಂಟೆ. ಅವನ ಬೆನ್ನ ಹಿಂದೆ ಆ ಲೆವೆಲ್ ಕಟ್ಟಿದವನು ಮತ್ತು ಆ ಭಾಗದ ಚರ್ಚೆಯಲ್ಲಿದ್ದ ಒಬ್ಬ ಸದಸ್ಯ. ಆಟ ಕೆಟ್ಟು ನಿಂತರೆ ಮತ್ತೆ ಶುರುಮಾಡಿಕೊಡುವುದನ್ನು ಬಿಟ್ಟರೆ ಇಬ್ಬರೂ ಬಾಯಿ ಬಿಡುವಂತಿಲ್ಲ. ಸುಳಿವಿಲ್ಲ, ಸಲಹೆಯಿಲ್ಲ, ಬರೆದುಕೊಳ್ಳುವುದಷ್ಟೇ. ತಾನು ಸುಲಭವೆಂದುಕೊಂಡಿದ್ದ ಒಗಟಿನ ಮುಂದೆ ಒಬ್ಬ ಇಪ್ಪತ್ತು ನಿಮಿಷ ತಡಕಾಡುವುದನ್ನು ಬಾಯಿ ಮುಚ್ಚಿಕೊಂಡು ನೋಡುವುದಿದೆಯಲ್ಲ, ಅದು ಯಾವ ವಿಮರ್ಶೆಗಿಂತಲೂ ಕಠಿಣ.

ಇಂಥ ಒಂದು ಎರಡು ಗಂಟೆಯ ಕೂಟದಿಂದ ನೂರರಷ್ಟು ತಿದ್ದುಪಡಿಗಳು ಹುಟ್ಟುತ್ತಿದ್ದವು. ಒಟ್ಟು ಇನ್ನೂರಕ್ಕೂ ಹೆಚ್ಚು ಕೂಟ ನಡೆದವು. ಮುಂದೆ ಆಟಗಾರ ಎಲ್ಲಿದ್ದಾನೆ, ಎಷ್ಟು ಆರೋಗ್ಯ ಉಳಿದಿದೆ, ಎಲ್ಲಿ ಸತ್ತ ಎಂಬುದನ್ನೆಲ್ಲ ಆಟವೇ ದಾಖಲಿಸುವಂತೆ ಮಾಡಿ, ಆ ಅಂಕಿಗಳನ್ನು ಗ್ರಾಫ್ ಹಾಕಿ, ಎಲ್ಲಿ ಬೇಸರ, ಎಲ್ಲಿ ಅತಿ ಕಷ್ಟ ಎಂದು ಕಂಡುಕೊಂಡರು. ವಿನ್ಯಾಸದ ವಾದಗಳೆಲ್ಲ ಇಲ್ಲಿಗೆ ಬಂದು ಮುಗಿಯುತ್ತಿದ್ದವು. ತಲೆ ಓಡದವನಿಗೆ ಇದರಿಂದಾಗುವ ಲಾಭ ಸಣ್ಣದಲ್ಲ: ‘ಇದು ಚೆನ್ನಾಗಿದೆಯೇ’ ಎಂಬ ಕೊನೆಯಿಲ್ಲದ ಪ್ರಶ್ನೆ ಹೋಗಿ ‘ಈ ಬಾಗಿಲು ಅವನಿಗೆ ಏಕೆ ಕಾಣಲಿಲ್ಲ’ ಎಂಬ, ಸಂಜೆಯೊಳಗೆ ಉತ್ತರ ಹುಡುಕಬಹುದಾದ ಪ್ರಶ್ನೆ ಬರುತ್ತದೆ.

ಝೆನ್

‘ಹಾಫ್-ಲೈಫ್’ 1998ರ ನವೆಂಬರ್‌ನಲ್ಲಿ, ಮೊದಲು ಗೊತ್ತುಮಾಡಿದ್ದಕ್ಕಿಂತ ಒಂದು ವರ್ಷ ತಡವಾಗಿ ಹೊರಬಂತು. ವರ್ಷದ ಅತ್ಯುತ್ತಮ ಆಟವೆಂಬ ಐವತ್ತಕ್ಕೂ ಹೆಚ್ಚು ಪ್ರಶಸ್ತಿ ಪಡೆಯಿತು. ಪ್ರಕರಣವನ್ನು ಇಲ್ಲಿಗೇ ನಿಲ್ಲಿಸುವುದು ವಾಡಿಕೆ. ಆದರೆ ಆಟದ ಕೊನೆಯ ಭಾಗದ ಕಥೆ ಬೇರೆ. ಗಾರ್ಡನ್ ಭೂಮಿ ಬಿಟ್ಟು ಝೆನ್ ಎಂಬ ಅನ್ಯಲೋಕಕ್ಕೆ ಹೋದ ಮೇಲಿನ ಅಧ್ಯಾಯಗಳನ್ನು ಆಟಗಾರರು ಆಗಿನಿಂದಲೂ ದೂರುತ್ತ ಬಂದಿದ್ದಾರೆ: ತೇಲುವ ಬಂಡೆಗಳ ನಡುವೆ ಹಾರುವ ಕಾಟ, ಎಲ್ಲಿಗೆ ಹೋಗಬೇಕೆಂದು ತೋಚದ ಗೊಂದಲ. ಅದೇ ಜನ, ಅದೇ ಪದ್ಧತಿ.

ನನ್ನ ಊಹೆ ಇಷ್ಟು. ಆ ಒಂದು ತಿಂಗಳ ಮಾದರಿಯಿಂದ ಹುಟ್ಟಿದ ಅಳತೆಗೋಲು ಕಾರಿಡಾರ್, ಬಾಗಿಲು, ಒಡೆಯುವ ಪೆಟ್ಟಿಗೆ, ಹೆಸರು ಹಿಡಿದು ಕರೆಯುವ ಸಹೋದ್ಯೋಗಿ ಇರುವ ಜಗತ್ತಿಗೆ ಸರಿಹೊಂದುವಂಥದ್ದು. ಝೆನ್‌ನಲ್ಲಿ ಇವು ಯಾವುವೂ ಇಲ್ಲ. ಅಲ್ಲಿಗೆ ಬೇರೆ ಮಾದರಿ ಬೇಕಿತ್ತು.

ಈ ಆಟವನ್ನು ಹೊಸ ಎಂಜಿನ್ನಿನಲ್ಲಿ ಮರುಕಟ್ಟಲು ಹೊರಟ ಅಭಿಮಾನಿಗಳ ತಂಡವೊಂದಿದೆ, ಕ್ರೋಬಾರ್ ಕಲೆಕ್ಟಿವ್. 2012ರಲ್ಲಿ ಅವರು ‘ಬ್ಲ್ಯಾಕ್ ಮೆಸಾ’ ಎಂಬ ಹೆಸರಿನಲ್ಲಿ ಉಚಿತವಾಗಿ ಬಿಟ್ಟ ಆವೃತ್ತಿ ಭೂಮಿಯ ಭಾಗ ಮುಗಿದು ಝೆನ್‌ಗೆ ಜಿಗಿಯುವ ಹಂತದಲ್ಲಿ ನಿಂತುಬಿಡುತ್ತಿತ್ತು. ಝೆನ್ ಅನ್ನು ಹಾಗೆಯೇ ನಕಲು ಮಾಡುವುದು ಅವರಿಗೆ ಬೇಕಿರಲಿಲ್ಲ. ಅದನ್ನು ತಮ್ಮದೇ ವಿನ್ಯಾಸದಲ್ಲಿ, ಮೂಲಕ್ಕಿಂತ ಬಹಳ ದೊಡ್ಡದಾಗಿ ಕಟ್ಟಿ ಇಡೀ ಆಟವನ್ನು ಪೂರ್ತಿಗೊಳಿಸಿದ್ದು 2020ರ ಮಾರ್ಚ್‌ನಲ್ಲಿ.